ಗದ್ದೆ, ಗುಡ್ಡ, ಹೊಳೆದಂಡೆ: ಸೊಳ್ಳೆ-ಹುಳದ ಕಾಟಕ್ಕೆ ಮನೆಮದ್ದು ಎಷ್ಟು ಹೊತ್ತು ಸಾಕು?

ಸಾಣಾಪುರದ ಕೆರೆ ದಂಡೆಗೋ, ಹಿರೇಬೆಣಕಲ್ ಗುಡ್ಡಕ್ಕೋ, ಸಂಡೂರಿನ ಅಡವಿಗೋ ಹೊರಟವರು ಮತ್ತೆ ಮತ್ತೆ ಕೇಳುವುದು ಒಂದೇ ಮಾತು: “ಅಂಗಡಿಯ ಕ್ರೀಮ್ ಬೇಡ, ಯಾವ ಸೊಪ್ಪು ಹಚ್ಚಿಕೊಂಡರೆ ಸೊಳ್ಳೆ ಕಡಿಯುವುದಿಲ್ಲ?”

ಸೊಪ್ಪನ್ನು ಹಾಗೇ ಮೈಗೆ ಉಜ್ಜಿಕೊಂಡರೆ ಹತ್ತು ನಿಮಿಷ ವಾಸನೆ ಇರುತ್ತದೆ, ಅಷ್ಟೆ. ಬೇವಿನ ಎಣ್ಣೆ, ಸಿಟ್ರೊನೆಲ್ಲಾ ಎಣ್ಣೆ (ಮಜ್ಜಿಗೆ ಹುಲ್ಲಿನ ಜಾತಿಯ ಹುಲ್ಲಿನಿಂದ ತೆಗೆಯುವ ಎಣ್ಣೆ) ನಿಜಕ್ಕೂ ಕೆಲಸ ಮಾಡುತ್ತವೆ. ಆದರೆ ಹಚ್ಚಿದ್ದು ಎಷ್ಟು ಹೊತ್ತಿಗೆ, ಯಾವ ಹುಳದ ಎದುರು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಸಂಜೆ ಎರಡು ಗಂಟೆ ಹೊಳೆದಂಡೆಯಲ್ಲಿ ಕೂತು ಬರುವವರಿಗೆ ಮನೆಯ ಎಣ್ಣೆ ಸಾಕು. ಗಂಗಾವತಿ, ಸಿಂಧನೂರು ಕಡೆಯ ಭತ್ತದ ಗದ್ದೆಯ ಪಕ್ಕ ರಾತ್ರಿ ಮಲಗುವವರಿಗೆ ಅದೊಂದೇ ಸಾಲದು. ಈ ವ್ಯತ್ಯಾಸ ತಿಳಿಯದೆ ಹೋದರೆ ಎಷ್ಟು ಒಳ್ಳೆಯ ಎಣ್ಣೆ ಕಾಸಿದರೂ ವ್ಯರ್ಥ.

ಮೊದಲು: ಯಾವುದು ಯಾವ ಹೊತ್ತಿಗೆ ಕಡಿಯುತ್ತದೆ

ಡೆಂಗಿ, ಚಿಕೂನ್‌ಗುನ್ಯಾ ಹರಡುವ ಏಡಿಸ್ ಸೊಳ್ಳೆ ಹಗಲಿನದು. ಮೈಮೇಲೆ ಬಿಳಿ ಪಟ್ಟೆ ಇರುತ್ತದೆ. ಬೆಳಿಗ್ಗೆ ಬಿಸಿಲೇರುವ ಮುಂಚೆ ಮತ್ತು ಹೊತ್ತು ಮುಳುಗುವ ಮುಂಚೆ ಇದರ ಕಡಿತ ಜೋರು. ಇದು ಅಡವಿಯ ಸೊಳ್ಳೆಯಲ್ಲ. ನೀರಿನ ಡ್ರಮ್ಮು, ತೆಂಗಿನ ಚಿಪ್ಪು, ಹಳೆಯ ಟೈರು ಇರುವ ಕಡೆ, ಅಂದರೆ ನೀವು ಇಳಿದುಕೊಳ್ಳುವ ಹೋಂಸ್ಟೇ ಹಿತ್ತಲಲ್ಲೇ ಇರುತ್ತದೆ.

ಮಲೇರಿಯಾದ ಅನಾಫಿಲಿಸ್ ರಾತ್ರಿ ಕಡಿಯುತ್ತದೆ. ಕಾಲುವೆಯ ಜಿನುಗು ನೀರು, ಹೊಳೆಯ ಬಂಡೆಗುಂಡಿಗಳಲ್ಲಿ ನಿಂತ ತಿಳಿನೀರು ಇದಕ್ಕೆ ಇಷ್ಟ.

ಮೂರನೆಯದು ಕ್ಯೂಲೆಕ್ಸ್. ಭತ್ತದ ಗದ್ದೆಯಲ್ಲಿ ಹುಟ್ಟುವ ಕೆಲವು ಕ್ಯೂಲೆಕ್ಸ್ ಜಾತಿಗಳು ಜಪಾನೀಸ್ ಎನ್ಸೆಫಲೈಟಿಸ್ ಎಂಬ ಮೆದುಳುಜ್ವರ ಹರಡುತ್ತವೆ. ಹಂದಿ ಮತ್ತು ಬೆಳ್ಳಕ್ಕಿಯಂಥ ನೀರುಹಕ್ಕಿಗಳಲ್ಲಿ ಇರುವ ವೈರಾಣು ಸೊಳ್ಳೆಯ ಮೂಲಕ ಮನುಷ್ಯನಿಗೆ ಬರುತ್ತದೆ. ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರು ಮೂರೂ ಜಿಲ್ಲೆಗಳು ಈ ರೋಗ ಕಂಡವು. ಅದಕ್ಕೇ ಮಕ್ಕಳಿಗೆ ಇದರ ಲಸಿಕೆ ಹಾಕುತ್ತಾರೆ. ನಿಮ್ಮ ಮಗುವಿಗೆ ಆಗಿದೆಯೇ ಎಂದು ತಾಯಿ ಕಾರ್ಡ್ ತೆಗೆದು ನೋಡಿ. ಕ್ಯೂಲೆಕ್ಸ್ ಕಡಿಯುವ ಹೊತ್ತು ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ.

ಸೊಳ್ಳೆ ಬಿಟ್ಟರೆ ಬಂಡೆಸೀಮೆಯಲ್ಲಿ ಹೆಜ್ಜೇನು, ಕಲ್ಲಡಿಯಲ್ಲಿ ಚೇಳು, ಕುರಿ ತರುಬಿದ ಜಾಗದಲ್ಲಿ ಉಣ್ಣಿ, ಗದ್ದೆ ಬದಿಯ ದೀಪದಡಿ ಆಸಿಡ್ ಹುಳ. ಇವುಗಳಿಗೆ ಯಾವ ಎಣ್ಣೆಯೂ ಭರವಸೆಯ ಮದ್ದಲ್ಲ, ನಡೆದುಕೊಳ್ಳುವ ರೀತಿಯೇ ಮದ್ದು.

ಬೇಕಾಗುವ ಸಾಮಾನು

ಕೊಬ್ಬರಿ ಎಣ್ಣೆ 80 ಮಿ.ಲೀ., ಗಾಣದ ಶುದ್ಧ ಬೇವಿನ ಎಣ್ಣೆ 5 ಮಿ.ಲೀ. (ಒಂದು ಟೀ ಚಮಚ), ಸಿಟ್ರೊನೆಲ್ಲಾ ಎಣ್ಣೆ 3 ಮಿ.ಲೀ. (ಸುಮಾರು 60 ಹನಿ), ಜೇನುಮೇಣ 20 ಗ್ರಾಂ. ಅಗಲ ಬಾಯಿಯ ಸಣ್ಣ ಡಬ್ಬಿ ಎರಡು. ಚೀಲಕ್ಕೆ: ತುದಿ ಚೂಪಾದ ಚಿಮಟ, ಅಂಟುಪಟ್ಟಿ, ಸೋಪಿನ ತುಂಡು, ಅಡುಗೆ ಸೋಡಾ ಎರಡು ಚಮಚ, ಕ್ಯಾಲಮೈನ್ ಲೋಷನ್, ಸೆಟಿರಿಜಿನ್ ಮಾತ್ರೆ, ಪ್ಯಾರಾಸಿಟಮಾಲ್, ಟಾರ್ಚು. ರಾತ್ರಿ ತಂಗುವುದಾದರೆ ಸೊಳ್ಳೆಪರದೆ.

ಬೇವಿನ ಎಣ್ಣೆ ಕೊಳ್ಳುವಾಗ ಹುಷಾರು. ಗಿಡಕ್ಕೆ ಸಿಂಪಡಿಸಲು ಗೊಬ್ಬರದಂಗಡಿಯಲ್ಲಿ ಸಿಗುವುದರಲ್ಲಿ ನೀರಿಗೆ ಬೆರೆಯಲೆಂದು ಬೇರೆ ರಾಸಾಯನಿಕ ಸೇರಿಸಿರುತ್ತಾರೆ. ಅದು ಮೈಗಲ್ಲ. ಒಳ್ಳೆಯ ಬೇವಿನ ಎಣ್ಣೆ ಕಂದು ಬಣ್ಣದ್ದು, ಬೆಳ್ಳುಳ್ಳಿ-ಕಡಲೆಕಾಯಿ ಕಲಸಿದಂಥ ಗಾಟು ಇರುತ್ತದೆ. ವಾಸನೆಯೇ ಇಲ್ಲದಿದ್ದರೆ ಅದರಲ್ಲಿ ಕೆಲಸ ಮಾಡುವ ಅಂಶವೂ ಕಡಿಮೆ ಎಂದೇ ತಿಳಿಯಿರಿ.

ಹಂತ 1: ಎಣ್ಣೆ-ಮೇಣದ ಮುಲಾಮು ಮಾಡುವುದು

ಸೊಳ್ಳೆ ನಮ್ಮನ್ನು ಹುಡುಕುವುದು ನಾವು ಬಿಡುವ ಉಸಿರು, ಬೆವರಿನ ವಾಸನೆ, ಮೈಶಾಖದ ಜಾಡು ಹಿಡಿದು. ಸಿಟ್ರೊನೆಲ್ಲಾ ಆವಿಯಾಗುತ್ತಾ ಆ ಜಾಡನ್ನು ಕೆಡಿಸುತ್ತದೆ. ಆವಿ ಮುಗಿದರೆ ಕಾವಲೂ ಮುಗಿಯಿತು. ಬರೀ ಎಣ್ಣೆಯಾದರೆ ನಮ್ಮ ಬಿಸಿಲಿಗೆ ಬೇಗ ಹಾರಿಹೋಗುತ್ತದೆ. ಮೇಣ ಸೇರಿಸುವುದು ಅದನ್ನು ಸ್ವಲ್ಪ ತಡೆಹಿಡಿಯಲಿ ಎಂದು.

ದಪ್ಪ ತಳದ ಪಾತ್ರೆಯಲ್ಲಿ ಎರಡು ಬೆರಳು ನೀರು ಕಾಯಿಸಿ, ಅದರೊಳಗೆ ಸ್ಟೀಲ್ ಬಟ್ಟಲಿಡಿ. ಬಟ್ಟಲಿಗೆ ಕೊಬ್ಬರಿ ಎಣ್ಣೆ, ತುರಿದ ಮೇಣ ಹಾಕಿ. ಮೇಣ ಕರಗುವುದು 62-64 ಡಿಗ್ರಿಯಲ್ಲಿ, ಆದ್ದರಿಂದ ನೀರು ಕೊತಕೊತ ಕುದಿಯಬೇಕಿಲ್ಲ. ಬೆಂಕಿಯ ಮೇಲೆ ನೇರವಾಗಿ ಇಡಬೇಡಿ, ಮೇಣ ಹೊತ್ತಿಕೊಳ್ಳುತ್ತದೆ. ಪೂರ್ತಿ ಕರಗಿದ ಮೇಲೆ ಇಳಿಸಿ, ಬೇವಿನ ಎಣ್ಣೆ ಬೆರೆಸಿ. ಅಂಚಿನಲ್ಲಿ ತೆಳು ಕೆನೆ ಕಟ್ಟಲು ಶುರುವಾಗಿ, ಬಟ್ಟಲು ಕೈಯಲ್ಲಿ ಹಿಡಿಯುವಷ್ಟಾದಾಗ ಸಿಟ್ರೊನೆಲ್ಲಾ ಹನಿಸಿ, ಬೇಗ ತಿರುವಿ ಡಬ್ಬಿಗೆ ಸುರಿಯಿರಿ. ಬಹಳ ಜನ ತಪ್ಪುವುದು ಇಲ್ಲೇ: ಒಲೆಯ ಮೇಲಿರುವಾಗಲೇ ಸಿಟ್ರೊನೆಲ್ಲಾ ಹಾಕುತ್ತಾರೆ, ಮನೆಯೆಲ್ಲ ಘಮಘಮ ಅನ್ನುತ್ತದೆ, ಡಬ್ಬಿಯಲ್ಲಿ ಏನೂ ಉಳಿಯುವುದಿಲ್ಲ.

ಈ ಅಳತೆಯ ಮುಲಾಮು ಗಟ್ಟಿಯಾಗಿರುತ್ತದೆ. 40 ಡಿಗ್ರಿ ದಾಟುವ ಬಳ್ಳಾರಿ, ರಾಯಚೂರಿನ ಬೇಸಿಗೆಗೆ ಹೀಗೇ ಇರಬೇಕು, ಇಲ್ಲದಿದ್ದರೆ ಚೀಲದೊಳಗೆ ಸೋರುತ್ತದೆ. ಡಿಸೆಂಬರ್-ಜನವರಿಗೆ ಮೇಣವನ್ನು 12 ಗ್ರಾಂಗೆ ಇಳಿಸಿ. ಮೇಣ ಸಿಗಲಿಲ್ಲವೆಂದರೆ ಅಷ್ಟೇ ಎಣ್ಣೆಗಳನ್ನು ಸೀಸೆಯಲ್ಲಿ ಕಲಸಿಕೊಳ್ಳಬಹುದು. ಆದರೆ ಕೊಬ್ಬರಿ ಎಣ್ಣೆ 24 ಡಿಗ್ರಿ ಕೆಳಗೆ ಹೆಪ್ಪುಗಟ್ಟುತ್ತದೆ, ಚಳಿ ರಾತ್ರಿ ಸಣ್ಣ ಬಾಯಿಯ ಸೀಸೆಯಿಂದ ಹೊರಗೇ ಬರುವುದಿಲ್ಲ. ಅಗಲ ಬಾಯಿಯ ಡಬ್ಬಿ ಎಂದದ್ದು ಅದಕ್ಕೆ.

ಎಣ್ಣೆ ಜಾಸ್ತಿ ಹಾಕಿದರೆ ಹೆಚ್ಚು ಹೊತ್ತು ತಡೆಯುತ್ತದೆ ಎಂದು ಸಿಟ್ರೊನೆಲ್ಲಾ ಅಳತೆ ಮೀರಬೇಡಿ. ಸುಗಂಧ ಎಣ್ಣೆಗಳು (ಹೂವು, ಎಲೆ, ಹುಲ್ಲಿನಿಂದ ಬಟ್ಟಿ ಇಳಿಸಿದ ಗಾಢ ಎಣ್ಣೆಗಳು) ಬೆರಕೆಯಿಲ್ಲದೆ ಮೈಗೆ ತಗುಲಿದರೆ ಚರ್ಮ ಸುಡುತ್ತವೆ. ಲವಂಗದ ಎಣ್ಣೆಯಂತೂ ಇನ್ನೂ ಉರಿ, ಅದನ್ನು ಈ ಮುಲಾಮಿಗೆ ಸೇರಿಸದಿರುವುದೇ ಮೇಲು. ನೀರಿಗೆ ನಾಲ್ಕು ಹನಿ ಹಾಕಿ ಸ್ಪ್ರೇ ಮಾಡುವ ಉಪಾಯವೂ ಕೆಲಸಕ್ಕೆ ಬಾರದು: ಎಣ್ಣೆ ಮೇಲೆ ತೇಲುತ್ತದೆ, ಮೊದಲ ಸಲ ಬರೀ ನೀರು ಬೀಳುತ್ತದೆ, ಕೊನೆಗೆ ಬರೀ ಎಣ್ಣೆ ಕಣ್ಣಿಗೆ ಬೀಳುತ್ತದೆ.

ಹಂತ 2: ಹಿಂದಿನ ದಿನವೇ ಪರೀಕ್ಷೆ

ಮೊಣಕೈ ಒಳಮಡಿಕೆಗೆ ಅವರೆಕಾಳಿನಷ್ಟು ಹಚ್ಚಿ 24 ಗಂಟೆ ಬಿಡಿ. ಕೆಂಪಾದರೆ, ಗುಳ್ಳೆ ಎದ್ದರೆ ಆ ಮುಲಾಮು ನಿಮಗಲ್ಲ. ಮಕ್ಕಳಿಗೂ ಬೇರೆಯಾಗಿ ನೋಡಬೇಕು.

2 ತಿಂಗಳೊಳಗಿನ ಕೂಸಿಗೆ ಏನನ್ನೂ ಹಚ್ಚಬೇಡಿ, ಪರದೆಯೊಂದೇ. ಸಣ್ಣ ಮಕ್ಕಳ ಅಂಗೈಗೆ, ಕಣ್ಣು-ಬಾಯಿಯ ಸುತ್ತ ಹಚ್ಚಬೇಡಿ, ಕೈ ಬಾಯಿಗೆ ಹೋಗಿಯೇ ಹೋಗುತ್ತದೆ. ಬೇವಿನ ಎಣ್ಣೆ, ಕರ್ಪೂರ, ನೀಲಗಿರಿ ಎಣ್ಣೆ ಹೊಟ್ಟೆಗೆ ಹೋದರೆ ಮಕ್ಕಳಿಗೆ ಫಿಟ್ಸ್ ಬರುವಷ್ಟು ವಿಷ. ಕೊಬ್ಬರಿ ಎಣ್ಣೆಗೆ ಕರ್ಪೂರ ಪುಡಿಮಾಡಿ ಮಗುವಿನ ಮೂಗು, ಎದೆಗೆಲ್ಲ ಬಳಿಯುವ ರೂಢಿ ಬಹಳ ಮನೆಗಳಲ್ಲಿದೆ. ದಯವಿಟ್ಟು ಬಿಡಿ. ಗಿಡದ್ದು ಎಂದಮಾತ್ರಕ್ಕೆ ಅಪಾಯವಿಲ್ಲ ಎಂದಲ್ಲ.

ಹಂತ 3: ಬಟ್ಟೆ

ಎಣ್ಣೆಗಿಂತ ಹೆಚ್ಚು ಕಾಪಾಡುವುದು ಬಟ್ಟೆ. ತಿಳಿ ಬಣ್ಣದ, ಸಡಿಲವಾದ, ತುಂಬುತೋಳಿನ ಹತ್ತಿ ಬಟ್ಟೆ ಹಾಕಿ. ಮೈಗಂಟಿದ ಲೆಗ್ಗಿಂಗ್ಸ್ ಮೇಲಿಂದಲೇ ಸೊಳ್ಳೆ ಕಡಿಯುತ್ತದೆ. ಕುರುಚಲು ಅಡವಿಯಲ್ಲಿ ನಡೆಯುವಾಗ ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ. ನೋಡಲು ಚೆಂದವಿಲ್ಲ, ಆದರೆ ಉಣ್ಣಿ ಯಾವಾಗಲೂ ಕೆಳಗಿನಿಂದ ಹತ್ತುತ್ತದೆ, ತಿಳಿ ಬಟ್ಟೆಯ ಮೇಲೆ ಹತ್ತುವಾಗಲೇ ಕಾಣುತ್ತದೆ. ಅತ್ತರು, ಘಮಘಮಿಸುವ ತಲೆಎಣ್ಣೆ ಅಂದಿನ ಮಟ್ಟಿಗೆ ಬೇಡ.

ಹಂತ 4: ಹಚ್ಚುವ ರೀತಿ

ಬಿಸಿಲಿನ ಕ್ರೀಮ್ ಹಚ್ಚುವವರಾದರೆ ಮೊದಲು ಅದು, ಆರಿದ ಮೇಲೆ ಮುಲಾಮು. ಒಂದು ಕೈಗೆ ಬೆರಳಿನಿಂದ ಮೊಣಕೈವರೆಗೆ ಅರ್ಧ ಚಮಚ. ಪಾದದ ಗಿಣ್ಣು, ಹಿಮ್ಮಡಿಯ ಮೇಲ್ಭಾಗ, ಕುತ್ತಿಗೆಯ ಹಿಂದೆ, ಕಿವಿಯ ಹಿಂದೆ ಮರೆಯಬೇಡಿ. ಸೊಳ್ಳೆ ಹಚ್ಚದ ಒಂದು ಬೆರಳಗಲದ ಜಾಗವನ್ನೂ ಹುಡುಕಿಕೊಳ್ಳುತ್ತದೆ. ಎದೆಗೆ ಹಚ್ಚಿದ್ದರಿಂದ ಪಾದಕ್ಕೆ ರಕ್ಷೆಯಿಲ್ಲ.

ಇನ್ನು ಹೊತ್ತಿನ ಲೆಕ್ಕ. ಬರೀ ಸಿಟ್ರೊನೆಲ್ಲಾ 20 ನಿಮಿಷದಲ್ಲೇ ಸೋಲುವುದುಂಟು. ಬೇವು, ಮೇಣ ಸೇರಿದ ಈ ಮುಲಾಮನ್ನು ಒಂದು ಗಂಟೆಗೊಮ್ಮೆ, ಬೆವರು ಸುರಿಯುತ್ತಿದ್ದರೆ 40 ನಿಮಿಷಕ್ಕೊಮ್ಮೆ ಮತ್ತೆ ಹಚ್ಚಬೇಕು. ಮೊಬೈಲಿನಲ್ಲಿ ಅಲಾರಂ ಇಟ್ಟುಕೊಳ್ಳಿ. ಮೊದಲ ಕಡಿತ ಬಿದ್ದ ಮೇಲೆ ಹಚ್ಚುವುದೆಂದರೆ ತಡವಾಯಿತೆಂದೇ ಅರ್ಥ. ಬೇವು ಅನಾಫಿಲಿಸ್ ಎದುರು ಚೆನ್ನಾಗಿ ನಿಲ್ಲುತ್ತದೆ, ಏಡಿಸ್ ಎದುರು ಅಷ್ಟಿಲ್ಲ.

ಅದಕ್ಕೇ ಹೇಳುವುದು: ಗದ್ದೆಸೀಮೆಯಲ್ಲಿ ಮುಸ್ಸಂಜೆ ಮೇಲೆ ಹೊರಗಿರುವವರು, ಬಸುರಿಯರು, ಊರಲ್ಲಿ ಡೆಂಗಿ ಇದೆ ಎಂದು ಗೊತ್ತಿರುವವರು ಹಟ ಹಿಡಿಯದೆ ಔಷಧ ಅಂಗಡಿಯ ಡೀಟ್ ಅಥವಾ ಪಿಕಾರಿಡಿನ್ ಎಂಬ ಸೊಳ್ಳೆ ತಡೆಯುವ ರಾಸಾಯನಿಕ ಇರುವ ಲೋಷನ್ ಬಳಸಿ. ಶೇಕಡ 20ರಷ್ಟು ಡೀಟ್ ಇದ್ದರೆ ನಾಲ್ಕೈದು ಗಂಟೆ ತಡೆಯುತ್ತದೆ. ಕನ್ನಡಕ, ವಾಚಿನ ಪ್ಲಾಸ್ಟಿಕ್‌ಗೆ ತಾಗಿಸಬೇಡಿ, ಡೀಟ್ ಅದನ್ನು ಕರಗಿಸುತ್ತದೆ. ಬೆಳ್ಳುಳ್ಳಿ ತಿನ್ನುವುದು, ಬಿ ವಿಟಮಿನ್ ಮಾತ್ರೆ ನುಂಗುವುದು, ಮೊಬೈಲಿನಿಂದ ಕಿವಿಗೆ ಕೇಳದ ಸದ್ದು ಹೊರಡಿಸುವ ಆ್ಯಪ್, ಈ ಮೂರೂ ಸೊಳ್ಳೆಯನ್ನು ಓಡಿಸುವುದಿಲ್ಲ.

ಹಂತ 5: ತಂಗುವ ಜಾಗ ಮತ್ತು ಹೊಗೆ

ನಿಂತ ನೀರಿನಿಂದ ದೂರ, ಗಾಳಿ ಆಡುವ ದಿಬ್ಬದ ಮೇಲೆ ತಂಗಿ. ಸೊಳ್ಳೆಗೆ ಹಾರುವ ಬಲ ಕಡಿಮೆ, ಬ್ಯಾಟರಿ ಫ್ಯಾನಿನ ಗಾಳಿಗೂ ಹತ್ತಿರ ಸುಳಿಯಲಾರದು. ಪರದೆಯಲ್ಲಿ ಚದರ ಇಂಚಿಗೆ 156 ಕಣ್ಣು ಇರಬೇಕು, ಅದಕ್ಕಿಂತ ದೊಡ್ಡ ಕಣ್ಣಿನದು ಬೇಡ. ಅಂಚನ್ನು ಚಾಪೆಯ ಕೆಳಗೆ ಸಿಕ್ಕಿಸಿ. ಪರದೆಗೆ ಮೈ ತಾಗಿಸಿ ಮಲಗಿದರೆ ಹೊರಗಿನಿಂದಲೇ ಕಡಿಯುತ್ತದೆ.

ಬೇವಿನ ಸೊಪ್ಪು, ಲಕ್ಕಿ ಸೊಪ್ಪಿನ ಹೊಗೆ ನಮ್ಮ ಹಟ್ಟಿಗಳಲ್ಲಿ ದನಕರುಗಳಿಗೂ ಹಾಕುವ ಹಳೆಯ ಉಪಾಯ. ಕೆಲಸವೂ ಮಾಡುತ್ತದೆ. ಒಂದು ಕಬ್ಬಿಣದ ಬುಟ್ಟಿ (ಬಿದಿರಿನದು ಬೇಡ) ಅಥವಾ ಹಳೆಯ ಬಾಣಲೆಯಲ್ಲಿ ಎರಡು ಒಣಗಿದ ಕುಳ್ಳು ಕೆಂಡವಾಗಲು ಬಿಡಿ. ಎರಡೂ ಇಲ್ಲದಿದ್ದರೆ ಕಲ್ಲುಗಳ ನಡುವೆ. ಉರಿ ಆರಿ ಕೆಂಡವಷ್ಟೇ ಉಳಿದಾಗ ಅರೆಒಣಗಿದ ಸೊಪ್ಪನ್ನು ಒಂದೊಂದು ಹಿಡಿ ಹಾಕಿ. ಪೂರ್ತಿ ಒಣಗಿದ ಸೊಪ್ಪು ಭಗ್ಗನೆ ಉರಿದು ಹೋಗುತ್ತದೆ, ತೀರಾ ಹಸಿಯದು ಕೆಂಡವನ್ನೇ ಆರಿಸುತ್ತದೆ. ಗಾಳಿ ಬರುವ ಕಡೆ ಇಟ್ಟು, ಹೊಗೆ ನಿಮ್ಮ ಜಾಗದ ಮೇಲೆ ಹಾಯುವಂತೆ ಮಾಡಿ.

ನಾಲ್ಕು ಕಡೆ ಹೊಗೆ ಹಾಕಲೇಬಾರದು. ಟೆಂಟಿನೊಳಗೆ, ಉಸಿರುಗಟ್ಟಿ ಜೀವ ಹೋಗುತ್ತದೆ. ದರೋಜಿ ಕರಡಿಧಾಮದಂಥ ಕಾಯ್ದ ಅರಣ್ಯದಲ್ಲಿ ಮತ್ತು ಬೇಸಿಗೆಯ ಒಣಹುಲ್ಲಿನ ಗುಡ್ಡದಲ್ಲಿ. ಮತ್ತು ಹೆಜ್ಜೇನು ಕಟ್ಟಿದ ಬಂಡೆಯ ಕೆಳಗೆ. ಜೊತೆಯಲ್ಲಿ ಅಸ್ತಮಾ ಇರುವವರು ಬಂದಿದ್ದರೆ ಹೊಗೆಯ ವಿಚಾರವನ್ನೇ ಬಿಡಿ.

ಭತ್ತದ ಗದ್ದೆ ಹತ್ತಿರ ದೀಪ ಹಚ್ಚಿ ಊಟಕ್ಕೆ ಕೂತರೆ ಮಳೆಗಾಲದಲ್ಲಿ ಆಸಿಡ್ ಹುಳ ಬರುತ್ತದೆ. ಇರುವೆಯಂತೆ ಉದ್ದಕ್ಕೆ, ಒಂದು ಸೆಂಟಿಮೀಟರಿಗಿಂತ ಚಿಕ್ಕದು. ತಲೆ ಕಪ್ಪು, ನಡು ಕಿತ್ತಳೆ-ಕೆಂಪು, ನಡುವೆ ನೀಲಿ ಮಿಂಚಿನ ಗಿಡ್ಡ ರೆಕ್ಕೆಮುಚ್ಚಳ. ಕುತ್ತಿಗೆಯ ಮೇಲೆ ಹರಿದಾಡಿದರೂ ಅದು ಕಡಿಯುವುದಿಲ್ಲ, ಕುಟುಕುವುದೂ ಇಲ್ಲ. ನಾವು ಪಟ್ಟನೆ ಹೊಡೆದು ಉಜ್ಜುತ್ತೇವಲ್ಲ, ಆಗ ಅದರ ಮೈಯ ರಸ ಚರ್ಮಕ್ಕೆ ಹತ್ತುತ್ತದೆ. ಆಗ ಏನೂ ಗೊತ್ತಾಗುವುದಿಲ್ಲ. ಒಂದೆರಡು ದಿನಕ್ಕೆ ಬರೆ ಎಳೆದಂತೆ ಉದ್ದನೆಯ ಕೆಂಪು ಗೀರು, ಗುಳ್ಳೆ, ಉರಿ. ಊದಿ ಹಾರಿಸಿ ಅಥವಾ ಕಾಗದದ ಮೇಲೆ ಹತ್ತಿಸಿ ಬಿಡಿ. ಅರೆದೇ ಹೋದರೆ ತಕ್ಷಣ ಸೋಪು ಹಚ್ಚಿ ತೊಳೆಯಿರಿ, ಆ ಕೈ ಕಣ್ಣಿಗೆ ಹೋಗದಿರಲಿ. ದೀಪವನ್ನು ಊಟದ ಜಾಗದಿಂದ ಹತ್ತು ಹೆಜ್ಜೆ ಆಚೆ ತೂಗುಹಾಕಿದರೆ ಅರ್ಧ ತೊಂದರೆ ತಪ್ಪುತ್ತದೆ.

ಹಂತ 6: ಕಡಿದ ಮೇಲೆ

*ಸೊಳ್ಳೆ, ಇರುವೆ.* ಸೋಪು, ತಣ್ಣೀರಿನಲ್ಲಿ ತೊಳೆದು ಒದ್ದೆ ಬಟ್ಟೆ ಹತ್ತು ನಿಮಿಷ ಇಡಿ. ಅಡುಗೆ ಸೋಡಾ ಒಂದು ಚಮಚಕ್ಕೆ ಕೆಲವೇ ಹನಿ ನೀರು ಕಲಸಿ, ಮೊಸರಿನಷ್ಟು ದಪ್ಪದ ಲೇಪ ಹಚ್ಚಿ ಹತ್ತು ನಿಮಿಷಕ್ಕೆ ತೊಳೆಯಿರಿ. ಲೋಳೆಸರ ಹಚ್ಚುವವರು ಎಲೆ ಕೊಯ್ದು ತಲೆಕೆಳಗಾಗಿ ಹದಿನೈದು ನಿಮಿಷ ನಿಲ್ಲಿಸಿ. ಹಳದಿ ರಸ ಸೋರಿಹೋಗಲಿ, ಆ ಹಳದಿ ರಸವೇ ಕೆಲವರಿಗೆ ತುರಿಕೆ ತರುತ್ತದೆ. ಒಳಗಿನ ತಿಳಿ ಲೋಳೆ ಮಾತ್ರ ಮದ್ದು. ಸುಣ್ಣ, ಸೀಮೆಎಣ್ಣೆ ಹಚ್ಚಬೇಡಿ. ಸುಣ್ಣ ಚರ್ಮ ಸುಡುತ್ತದೆ, ಕಡಿತಕ್ಕಿಂತ ಅದರ ಗಾಯವೇ ದೊಡ್ಡದಾಗುತ್ತದೆ. ತುರಿಕೆ ತಾಳದಿದ್ದರೆ ಕ್ಯಾಲಮೈನ್. ದೊಡ್ಡವರು ಸೆಟಿರಿಜಿನ್ 10 ಮಿ.ಗ್ರಾಂ. ಒಂದು ಮಾತ್ರೆ ತೆಗೆದುಕೊಳ್ಳಬಹುದು. ಮಂಪರು ಬರುತ್ತದೆ, ಗಾಡಿ ಓಡಿಸಬೇಡಿ.

*ಕಂಬಳಿಹುಳ.* ನುಗ್ಗೆ ಗಿಡದ ಬೊಡ್ಡೆಯಲ್ಲಿ ಗುಂಪಾಗಿ ಕೂತಿರುತ್ತವೆ, ಒರಗುವ ಮುನ್ನ ನೋಡಿ. ತಾಗಿದರೆ ಉಜ್ಜಬೇಡಿ, ಕೂದಲು ಒಳಗಿಳಿಯುತ್ತದೆ. ಅಂಟುಪಟ್ಟಿ ಒತ್ತಿ ಒತ್ತಿ ಎತ್ತಿ, ಆಮೇಲೆ ತೊಳೆಯಿರಿ.

*ಉಣ್ಣಿ.* ಚಿಮಟದಿಂದ ಚರ್ಮಕ್ಕೆ ತೀರ ಹತ್ತಿರ, ಅದರ ಬಾಯಿಯ ಬಳಿ ಹಿಡಿದು, ತಿರುಚದೆ, ಒಂದೇ ಸಮನೆ ನೇರ ಮೇಲಕ್ಕೆ ಎಳೆಯಿರಿ. ಹೊಟ್ಟೆ ಹಿಚುಕಿದರೆ, ಬೀಡಿ ಕಿಡಿ ತಾಗಿಸಿದರೆ, ಸೀಮೆಎಣ್ಣೆ ಬಿಟ್ಟರೆ ಅದು ಒಳಗಿನದನ್ನೆಲ್ಲ ನಮ್ಮ ಮೈಯೊಳಗೆ ಕಾರುತ್ತದೆ.

*ಜೇನು.* ಕುಟುಕಿದ ಜೇನಿನ ಮುಳ್ಳು ವಿಷದ ಚೀಲದೊಂದಿಗೆ ಚರ್ಮದಲ್ಲೇ ಉಳಿದು ಇನ್ನೂ ಒತ್ತುತ್ತಿರುತ್ತದೆ. ಉಗುರಿನಿಂದ ಕೆರೆದೋ ಚಿವುಟಿಯೋ, ಹೇಗಾದರೂ ಸರಿ, ಮೊದಲ ಕೆಲವು ಸೆಕೆಂಡಿನಲ್ಲಿ ತೆಗೆಯಿರಿ. ಚಿಮಟ ಹುಡುಕುತ್ತಾ ನಿಲ್ಲಬೇಡಿ. ಆಮೇಲೆ ತಣ್ಣೀರು ಪಟ್ಟಿ, ಪ್ಯಾರಾಸಿಟಮಾಲ್. ಉಂಗುರ, ಬಳೆ ಬಿಚ್ಚಿ, ಬಾತರೆ ಬರುವುದಿಲ್ಲ.

ಆನೆಗೊಂದಿ ಸುತ್ತಿನ ಬಂಡೆಗಳ ಚಾಚಿನಡಿ ಹೆಜ್ಜೇನಿನ ದೊಡ್ಡ ತಟ್ಟಿಗಳು ತೂಗುತ್ತವೆ. ಕೆಳಗೆ ಪಟಾಕಿ, ಡ್ರೋನ್, ಕಲ್ಲೆಸೆತ, ಅಡುಗೆ ಬೇಡ. ಎದ್ದೇಬಿಟ್ಟರೆ ಕೈ ಬೀಸದೆ, ಬಟ್ಟೆಯಿಂದ ಮುಖ ಮುಚ್ಚಿ, ನಿಲ್ಲದೆ ಓಡಿ, ಕಾರು ಅಥವಾ ಕಟ್ಟಡ ಸೇರಿ. ಮೈಮೇಲೆ ಜೇನನ್ನು ಅರೆಯಬೇಡಿ, ಅದರಿಂದ ಬಾಳೆಹಣ್ಣಿನಂಥ ವಾಸನೆ ಹೊಮ್ಮಿ ಉಳಿದವನ್ನು ಕರೆಯುತ್ತದೆ. ಹೊಳೆಗೆ ಹಾರುವುದು ಪರಿಹಾರವಲ್ಲ. ತಲೆ ಎತ್ತುವುದನ್ನೇ ಅವು ಮೇಲೆ ಕಾಯುತ್ತವೆ, ತುಂಗಭದ್ರೆಯ ಬಂಡೆಸಂದಿಯ ಸುಳಿ ಕೆಳಗೆ ಕಾಯುತ್ತದೆ. ಹತ್ತಕ್ಕಿಂತ ಹೆಚ್ಚು ಕುಟುಕಿದ್ದರೆ ಆರಾಮ ಇದ್ದಂತೆ ಕಂಡರೂ ಆಸ್ಪತ್ರೆಗೆ ಹೋಗಿ.

*ಚೇಳು.* ಇದು ಮನೆಮದ್ದಿನ ವಿಷಯವೇ ಅಲ್ಲ. ನಮ್ಮ ಒಣಸೀಮೆಯಲ್ಲಿರುವ ಸಣ್ಣ ಕೆಂಚೇಳು ದೊಡ್ಡ ಕರಿಚೇಳಿಗಿಂತ ಅಪಾಯಕಾರಿ. ಮೈಯೆಲ್ಲ ಬೆವರು, ವಾಂತಿ, ಕೈಕಾಲು ತಣ್ಣಗಾಗುವುದು, ಎದೆ ಬಡಿತ ಏರುವುದು ಕಂಡರೆ ಹೃದಯಕ್ಕೆ ಏಟು ಬೀಳುತ್ತಿದೆ ಎಂದರ್ಥ. ಕಟ್ಟುವುದು, ಕೊಯ್ಯುವುದು, ಮಂತ್ರ ಹಾಕಿಸುವುದು ಬೇಡ. ತೊಳೆದು, ಕೈಕಾಲು ಅಲುಗಾಡಿಸದೆ ಆಸ್ಪತ್ರೆಗೆ ಒಯ್ಯಿರಿ. ಮಕ್ಕಳಾದರೆ ಲಕ್ಷಣಕ್ಕೆ ಕಾಯಲೇಬೇಡಿ. ಪ್ರಾಜೊಸಿನ್ ಎಂಬ ಮಾತ್ರೆ ಇದಕ್ಕೆ ಜೀವ ಉಳಿಸುವ ಮದ್ದೆಂದು ತೋರಿಸಿಕೊಟ್ಟವರು ಮಹಾರಾಷ್ಟ್ರದ ಮಹಾಡ್‌ನ ವೈದ್ಯ ಹಿಮ್ಮತರಾವ್ ಬಾವಸ್ಕರ್. ರಕ್ತದೊತ್ತಡ ಇಳಿಸುವ ಮಾತ್ರೆಯಾದ್ದರಿಂದ ವೈದ್ಯರೇ ಕೊಡಬೇಕು. ತಡೆಯುವ ದಾರಿ ಸುಲಭ: ಬೆಳಿಗ್ಗೆ ಬೂಟು ಬಡಿದು ಹಾಕಿ, ಕಲ್ಲು ಎತ್ತುವಾಗ ಬೆರಳನ್ನು ಕೆಳಗೆ ತೂರಿಸಬೇಡಿ. ನೇರಳಾತೀತ ಬೆಳಕಿನ ಸಣ್ಣ ಟಾರ್ಚು ಬಿಟ್ಟರೆ ಚೇಳು ಕತ್ತಲಲ್ಲಿ ಹಸಿರಾಗಿ ಹೊಳೆಯುತ್ತದೆ. ಮಲಗುವ ಮುಂಚೆ ಚಾಪೆಯ ಸುತ್ತ ಒಮ್ಮೆ ಬಿಟ್ಟು ನೋಡಿ.

ಯಾವ ಹುಳವೇ ಕಡಿಯಲಿ, ತುಟಿ-ನಾಲಿಗೆ ಬಾತರೆ, ಉಸಿರು ಸಿಕ್ಕಿದರೆ, ಮೈತುಂಬ ದದ್ದು ಎದ್ದು ತಲೆ ಸುತ್ತಿದರೆ ಅದು ತೀವ್ರ ಅಲರ್ಜಿ. ಕೂಡಲೇ 108ಕ್ಕೆ ಕರೆ ಮಾಡಿ, ಮಲಗಿಸಿ ಕಾಲು ಎತ್ತರಿಸಿ. ಉಸಿರಿಗೆ ಕಷ್ಟವಿದ್ದರೆ ಕೂರಿಸಿ. ಸೆಟಿರಿಜಿನ್ ಕೊಟ್ಟು ಕಾಯುವಂತಿಲ್ಲ, ಬೇಕಾದದ್ದು ಅಡ್ರಿನಲಿನ್ ಇಂಜೆಕ್ಷನ್.

ಹಂತ 7: ಮನೆಗೆ ಬಂದ ಮೇಲೆ

ಬಟ್ಟೆಯನ್ನು ಹಾಸಿಗೆ ಮೇಲೆ ಎಸೆಯದೆ ನೇರ ಬಿಸಿನೀರಿಗೆ ಹಾಕಿ. ಸ್ನಾನದಲ್ಲಿ ಮಂಡಿಯ ಹಿಂದೆ, ಸೊಂಟದ ಪಟ್ಟಿ, ಕಂಕುಳು, ಕಿವಿಯ ಹಿಂದೆ, ಮಕ್ಕಳ ನೆತ್ತಿ ಮುಟ್ಟಿ ನೋಡಿ. ಮುಂದಿನ ಮೂರು ವಾರದಲ್ಲಿ ಜ್ವರ ಬಂದರೆ, ಅದರಲ್ಲೂ ಮೈಮೇಲೆಲ್ಲೋ ನೋವಿಲ್ಲದ ಕಪ್ಪು ಹಕ್ಕಳೆ ಕಂಡರೆ, ಅದು ಕುರುಚಲಿನ ಸಣ್ಣ ನುಸಿಯಿಂದ ಬರುವ ಸ್ಕ್ರಬ್ ಟೈಫಸ್ ಇರಬಹುದು. ಹೊತ್ತಿಗೆ ಸರಿಯಾಗಿ ಡಾಕ್ಸಿಸೈಕ್ಲಿನ್ ಕೊಟ್ಟರೆ ವಾಸಿಯಾಗುವ ರೋಗ ಅದು. ಆದರೆ ವೈದ್ಯರು ನೀವು ಹೇಳದೆ ಊಹಿಸಲಾರರು. ಯಾವ ಗುಡ್ಡ, ಯಾವ ಗದ್ದೆ, ಯಾವ ತಾರೀಕು ಎಂದು ಅವರಿಗೆ ಮೊದಲೇ ತಿಳಿಸಿ.